ಹೊಸ ಹೊಟ್ಟೆ, ಹಳೆಯ ಎಲೆ

ಕನ್ನಡದಲ್ಲಿ ಹೊಟ್ಟೆಗೆ ಇರುವಷ್ಟು ಕೆಲಸ ದೇಹದ ಬೇರಾವ ಅಂಗಕ್ಕೂ ಇದ್ದಂತೆ ಕಾಣುವುದಿಲ್ಲ. ಅಸೂಯೆ ಹುಟ್ಟಿದರೆ ಕಿಚ್ಚು ಹತ್ತುವುದು ಹೊಟ್ಟೆಗೆ. ಮರುಕ ಹುಟ್ಟಿದರೆ ಚುರುಕ್ಕೆನ್ನುವುದೂ ಹೊಟ್ಟೆಯೇ. ಹೆತ್ತ ಮಗನನ್ನು ಹೊಟ್ಟೆಯಲ್ಲಿ ಹುಟ್ಟಿದವನು ಎನ್ನುತ್ತಾರೆ. ಅವನು ತಪ್ಪು ಮಾಡಿದಾಗ ‘ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಹಿರಿಯರನ್ನು ಬೇಡುತ್ತಾರೆ. ದುಡಿಮೆಗೆ ಹೊಟ್ಟೆಪಾಡು ಎಂದೇ ಹೆಸರು. ವಿಘ್ನೇಶ್ವರನನ್ನು ಲಂಬೋದರನೆಂದೂ ಭೀಮಸೇನನನ್ನು ವೃಕೋದರನೆಂದೂ ಹೊಟ್ಟೆಯಿಂದಲೇ ಗುರುತಿಸಿದ ನಾಡು ಇದು. ಆ ಹೊಟ್ಟೆಯನ್ನೇ ಕತ್ತರಿಸಿ ಚಿಕ್ಕದು ಮಾಡಿಸಿಕೊಂಡು ಮನೆಗೆ ಬಂದವನನ್ನು ಹೇಗೆ ನಡೆಸಿಕೊಳ್ಳಬೇಕೆಂಬುದು ಮಾತ್ರ ಇಲ್ಲಿಯ ಯಾವ ಗಾದೆಯಲ್ಲಿಯೂ ಸಿಕ್ಕುವುದಿಲ್ಲ.

ಬೆಂಗಳೂರಿನ ದಕ್ಷಿಣ ಭಾಗದ ಒಂದು ಹಳೆಯ ಬಡಾವಣೆಯಲ್ಲಿ ಅಂಥವರೊಬ್ಬರಿದ್ದಾರೆ. ಹೆಸರು ಬೇಡ, ರಾಯರು ಎಂದರೆ ಸಾಕು. ಬ್ಯಾಂಕಿನಲ್ಲಿ ಅಧಿಕಾರಿ. 2021ರಲ್ಲಿ ಅವರಿಗೆ ನಲವತ್ತನಾಲ್ಕು ವರ್ಷ; ಎತ್ತರ ಐದೂವರೆ ಅಡಿ; ತೂಕ 128 ಕಿಲೋ. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಗಿತ್ತು. ರಕ್ತದ ಒತ್ತಡವೂ ಜೊತೆಗೂಡಿತ್ತು. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿ ಎದ್ದು ಕೂರುವರು. ಪಕ್ಕದಲ್ಲಿದ್ದ ಹೆಂಡತಿಗೆ ಆ ನಿಶ್ಶಬ್ದವೇ ಗೊರಕೆಗಿಂತ ಹೆಚ್ಚು ಭಯ. ಲಾಲ್‌ಬಾಗಿನ ನಡಿಗೆ, ರಾಗಿ ಅಂಬಲಿ, ಏಕಾದಶಿಯ ಉಪವಾಸ, ಜೀರಿಗೆಯ ನೀರು – ಮಾಡದ ವ್ರತವಿಲ್ಲ. ಇಳಿದ ಆರು ಕಿಲೋ ಒಂಬತ್ತಾಗಿ ಹಿಂತಿರುಗುತ್ತಿತ್ತು. “ಬೇರೆಯವರ ಸಾಲಕ್ಕೆ ಬಡ್ಡಿ ಹಾಕಿದ ಪಾಪ” ಎಂದು ರಾಯರು ನಗುತ್ತಿದ್ದರು. ಮೊಣಕಾಲು ಹಿಡಿದುಕೊಂಡೇ ನಗುತ್ತಿದ್ದರು.

ಕಡೆಗೆ ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತಿದರು. ಎತ್ತರ ಮತ್ತು ತೂಕಗಳನ್ನು ಹೊಂದಿಸಿ ತೆಗೆಯುವ ಬಿ.ಎಂ.ಐ. ಎಂಬ ಅಂಕವೊಂದುಂಟು. ಅದು 40 ದಾಟಿದವರಿಗೆ, ಇಲ್ಲವೇ 35 ದಾಟಿ ಜೊತೆಗೆ ಸಕ್ಕರೆ ಕಾಯಿಲೆಯಂಥ ತೊಂದರೆಯಿದ್ದವರಿಗೆ ಈ ಚಿಕಿತ್ಸೆ ಸಲ್ಲುತ್ತದೆಂದು 1991ರಲ್ಲಿ ಅಮೆರಿಕದ ತಜ್ಞರು ನಿಯಮ ಮಾಡಿದ್ದರು. 2022ರಲ್ಲಿ ಆ ನಿಯಮ ಸಡಿಲವಾಗಿ, ಏಷ್ಯಾದ ಜನರಲ್ಲಿ ಅಂಕ 27.5 ದಾಟಿದವರಿಗೂ ಇದನ್ನು ಸೂಚಿಸಬಹುದೆಂದಾಯಿತು. ರಾಯರ ಅಂಕ 45ನ್ನೂ ಮೀರಿದ್ದುದರಿಂದ, ಹಳೆಯ ನಿಯಮಕ್ಕೂ ಅವರು ಧಾರಾಳವಾಗಿ ಒಳಪಟ್ಟಿದ್ದರು.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1954ರಲ್ಲಿ ಅಮೆರಿಕದ ಮಿನ್ನೆಸೋಟದ ವೈದ್ಯರು, ಆಹಾರವು ಸಣ್ಣ ಕರುಳಿನ ಬಹುಭಾಗವನ್ನು ಬಿಟ್ಟು ಮುಂದೆ ಹೋಗುವಂತೆ ಮಾಡಿದ ಚಿಕಿತ್ಸೆಯೊಂದನ್ನು ಪ್ರಕಟಿಸಿದರು. ತೂಕವೇನೋ ಇಳಿಯಿತು, ಆದರೆ ಯಕೃತ್ತು ಕೆಡುವಂಥ ಅಪಾಯಗಳು ಕಂಡುಬಂದು ಆ ದಾರಿಯನ್ನು ಮುಂದೆ ಕೈಬಿಡಬೇಕಾಯಿತು. 1966ರಲ್ಲಿ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಜಠರಕ್ಕೇ ಕೈಹಾಕಿದರು. ಹುಣ್ಣಿನ ಕಾರಣದಿಂದ ಜಠರದ ಭಾಗವನ್ನು ತೆಗೆಸಿಕೊಂಡವರು ಆಮೇಲೆ ಮೈತುಂಬಿಕೊಳ್ಳುವುದಿಲ್ಲವೆಂಬುದೇ ಅವರಿಗೆ ಸಿಕ್ಕ ಸುಳಿವು. ಗ್ಯಾಸ್ಟ್ರಿಕ್ ಬೈಪಾಸ್ ಹುಟ್ಟಿದ್ದು ಹೀಗೆ.

ರಾಯರಿಗೆ ಆದದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಸ್ಲೀವ್ ಎಂದರೆ ಅಂಗಿಯ ತೋಳು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ, ಒಳಗೆ ದೀಪವನ್ನೂ ಉಪಕರಣವನ್ನೂ ಇಳಿಸಿ, ಜಠರದ ಸುಮಾರು ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಬಾಳೆಯ ಹಣ್ಣಿನಾಕಾರದ ಒಂದು ಕೊಳವೆ. ‘ಗೇಣು ಹೊಟ್ಟೆ’ ಎಂಬ ಹಳೆಯ ಮಾತಿಗೆ ಹೊಸ ವೈದ್ಯರು ಅಕ್ಷರಾರ್ಥವನ್ನು ತಂದುಕೊಟ್ಟಂತಾಯಿತು. ಇದಕ್ಕೆ ಹಿಡಿಯುವುದು ಒಂದೆರಡು ಗಂಟೆ. ರಕ್ತಸ್ರಾವ, ಕೂಡಿಸಿದ ಅಂಚಿನಲ್ಲಿ ಸೋರಿಕೆ, ಕಾಲಿನ ರಕ್ತನಾಳಗಳಲ್ಲಿ ಹೆಪ್ಪು ಮೊದಲಾದ ಅಪಾಯಗಳು ಇಲ್ಲದಿಲ್ಲ; ಹೆಪ್ಪುಗಟ್ಟಬಾರದೆಂದೇ ಆ ಸಂಜೆಯೇ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ರಾಯರು ಆಸ್ಪತ್ರೆಯ ಮೊಗಸಾಲೆಯಲ್ಲಿ ಹೆಂಡತಿಯ ತೋಳು ಹಿಡಿದು ನಡೆದರು. ಮೂರನೆಯ ದಿನ ಮನೆಗೆ ಬಂದರು. ನಿಜವಾದ ಚಿಕಿತ್ಸೆ ಆಗ ಆರಂಭವಾಯಿತು.

*

ಮೊದಲ ಎರಡು ವಾರ ದ್ರವಾಹಾರ. ಅದೂ ಗುಟುಕು ಗುಟುಕಾಗಿ. ಆಸ್ಪತ್ರೆಯವರು ಮೂವತ್ತು ಮಿಲಿಲೀಟರು ಹಿಡಿಯುವ ಪ್ಲಾಸ್ಟಿಕ್ ಬಟ್ಟಲೊಂದನ್ನು ಕೊಟ್ಟು ಕಳುಹಿಸಿದ್ದರು. ಸೋಸಿದ ಬೇಳೆಕಟ್ಟು, ತಿಳಿಮಜ್ಜಿಗೆ, ಎಳನೀರು – ಯಾವುದಾದರೂ ಆ ಬಟ್ಟಲಿನ ಅಳತೆಯಲ್ಲಿ. ರಾಯರ ತಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆ ತೆಗೆದು, ಬಟ್ಟೆಯ ಗಂಟಿನಿಂದ ಒಂದು ಬೆಳ್ಳಿಯ ಒಳಲೆಯನ್ನು ಹುಡುಕಿ ತಂದರು. 1977ರಲ್ಲಿ ಅದೇ ಒಳಲೆಯಿಂದ ಆ ಮಗನ ಬಾಯಿಗೆ ಹಾಲು ಬಿಟ್ಟಿದ್ದರು. “ಪ್ಲಾಸ್ಟಿಕ್ ಯಾಕೋ? ಇದರಲ್ಲೇ ಕುಡಿ” ಎಂದರು. ಅರೆತಲೆ ನರೆತ ಬ್ಯಾಂಕ್ ಅಧಿಕಾರಿ ಒಳಲೆಯಿಂದ ಬೇಳೆಕಟ್ಟು ಕುಡಿಯುತ್ತಿದ್ದುದನ್ನು ನೋಡಿ ಮಗಳು ನಕ್ಕಳು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಶ್ಚರ್ಯವೆಂದರೆ ರಾಯರಿಗೆ ಹಸಿವೇ ಆಗುತ್ತಿರಲಿಲ್ಲ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸವನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಅದು ಬಹುಪಾಲು ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆಯುವುದೂ ಆ ಭಾಗವನ್ನೇ. ಆದುದರಿಂದ ಎಷ್ಟೋ ತಿಂಗಳು ಹಸಿವಿನ ದನಿ ತಗ್ಗಿರುತ್ತದೆ. ಗಡಿಯಾರ ಒಂದು ಗಂಟೆ ಹೊಡೆಯುವುದು, ಅಡಿಗೆಮನೆಯಿಂದ ಸಾಸಿವೆ ಸಿಡಿದ ಸದ್ದು ಬರುವುದು, ಇಂಗಿನ ಪರಿಮಳ ನಡುಮನೆಗೆ ಹರಿದುಬರುವುದು. ಹೊಟ್ಟೆ ಮಾತ್ರ ಸುಮ್ಮನಿರುವುದು. ನಾಲಗೆಯೂ ಮನಸ್ಸೂ ಎಂದಿನಂತೆ ಎದ್ದು ಕುಳಿತು, ಬಾರದ ಹಸಿವಿಗಾಗಿ ಕಾಯುವುವು. ಊಟದ ಆಸೆಯಲ್ಲಿ ಹೊಟ್ಟೆಯ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು, ಬೇಸರದ ಪಾಲೆಷ್ಟು ಎಂಬುದು ರಾಯರಿಗೆ ಬೇರೆಬೇರೆಯಾಗಿ ಕಂಡದ್ದು ಆಗ.

ದ್ರವದ ಬಳಿಕ ಕಿವುಚಿದ ಆಹಾರ, ಆಮೇಲೆ ಮೆತ್ತಗಿನದು, ಎರಡು ತಿಂಗಳ ಸುಮಾರಿಗೆ ಸಾಮಾನ್ಯ ಊಟ. ‘ಸಾಮಾನ್ಯ’ವೆಂಬ ಮಾತು ಇಲ್ಲಿ ಹೆಸರಿಗೆ ಮಾತ್ರ. ತುತ್ತು ಗೋಲಿಯಷ್ಟಿರಬೇಕು, ನೀರಾಗುವವರೆಗೆ ಅಗಿಯಬೇಕು, ಊಟಕ್ಕೆ ಅರ್ಧ ಗಂಟೆಯಾಗಬೇಕು. ಊಟದ ನಡುವೆ ನೀರು ಕೂಡದು, ಮುಗಿದ ಮೇಲೂ ಅರ್ಧ ಗಂಟೆ ಕೂಡದು. ದಿನಕ್ಕೆ ಅರವತ್ತು ಗ್ರಾಮಿಗೆ ಕಡಮೆಯಿಲ್ಲದಂತೆ ಪ್ರೋಟೀನು ಸೇರಬೇಕು. ಅನ್ನ, ತಿಳಿಸಾರು, ಉಪ್ಪಿನಕಾಯಿಗಳ ಮನೆಯಲ್ಲಿ ಇದೇನು ಸುಲಭವೆ? ಊಟದ ಕ್ರಮವೇ ತಿರುಗಿತು: ಬೇಳೆ, ಕಾಳು, ಪನೀರು, ಗಟ್ಟಿ ಮೊಸರು ಮೊದಲು, ಬಳಿಕ ಪಲ್ಯ, ಜಾಗವುಳಿದರೆ ಅನ್ನ. ಜಾಗವೆಲ್ಲಿ ಉಳಿಯುತ್ತದೆ? ಒಂದು ತುತ್ತು ಹೆಚ್ಚಾದರೆ ಬಿಕ್ಕಳಿಕೆ ಬರುವುದು, ಮೂಗು ಸೋರುವುದು. ಅದನ್ನೂ ಮೀರಿದರೆ ಎದೆಯಲ್ಲಿ ಕಲ್ಲು ನಿಂತಂತಾಗಿ ಬಚ್ಚಲಿಗೆ ಓಡಬೇಕು. ಇದಲ್ಲದೆ ವಿಟಮಿನ್ನು, ಕಬ್ಬಿಣ, ಕ್ಯಾಲ್ಸಿಯಮ್ಮಿನ ಮಾತ್ರೆಗಳು, ಬಿ12 ಹನ್ನೆರಡು ತಿಂಗಳೂ, ಬದುಕಿರುವವರೆಗೂ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಈ ಖಾತೆಯನ್ನು ರಾಯರ ಹೆಂಡತಿ ವಹಿಸಿಕೊಂಡರು. ದಿನಸಿಯ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಮಾತ್ರೆಗಳ ಲೆಕ್ಕವೂ ಸೇರಿತು.

ಬೆಳಗಿನ ಕಾಫಿಯನ್ನು ಮೊದಲ ಕೆಲವು ವಾರ ವೈದ್ಯರು ನಿಲ್ಲಿಸಿದ್ದರು. ಹೊಟ್ಟೆ ಕತ್ತರಿಸಿದಾಗ ಅಳದ ರಾಯರು, ಡಿಕಾಕ್ಷನ್ ಇಳಿಯುವ ವಾಸನೆಗೆ ಒಂದು ಬೆಳಗ್ಗೆ ಕಣ್ಣಲ್ಲಿ ನೀರು ತಂದುಕೊಂಡರಂತೆ!

*

ಮೂರನೆಯ ತಿಂಗಳಿಗೆ ಇಪ್ಪತ್ತು ಕಿಲೋ ಇಳಿದಿತ್ತು. ಸಕ್ಕರೆಯ ಮಾತ್ರೆಗಳನ್ನು ವೈದ್ಯರೇ ಒಂದೊಂದಾಗಿ ಕಡಮೆ ಮಾಡಿದರು. ರಾತ್ರಿಯ ಉಸಿರು ನೇರವಾಯಿತು. ಹೆಂಡತಿ ಬೆಳಗಿನವರೆಗೆ ನಿದ್ದೆ ಮಾಡಿದರು. ಉಂಗುರ ಬೆರಳಿನಿಂದ ಜಾರತೊಡಗಿತು. ದರ್ಜಿ ಪ್ಯಾಂಟುಗಳನ್ನು ಎರಡು ಸಲ ಕಿರಿದು ಮಾಡಿ, ಮೂರನೆಯ ಸಲ “ಇನ್ನು ಹಿಡಿಯಲು ಬಟ್ಟೆ ಉಳಿದಿಲ್ಲ ಸ್ವಾಮಿ, ಜೇಬು ಎರಡೂ ಹಿಂದೆ ಬಂದಿವೆ” ಎಂದ. ಆದರೆ ತಲೆಗೂದಲು ಬಾಚಣಿಗೆಗೆ ಕಂತೆಕಂತೆಯಾಗಿ ಬಂದಿತು. ತೂಕ ಬೇಗನೆ ಇಳಿದಾಗ ಹಾಗಾಗುವುದುಂಟು, ಕೆಲವು ತಿಂಗಳಲ್ಲಿ ಮತ್ತೆ ಹುಟ್ಟುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರೂ ಕನ್ನಡಿಗೆ ಆ ಸಮಾಧಾನ ತಿಳಿಯದು. ಧನುರ್ಮಾಸದ ಬೆಳಗಿನಲ್ಲಿ ಎಂದೂ ಸ್ವೆಟರ್ ತೊಡದ ಮನುಷ್ಯ ಶಾಲು ಹೊದ್ದು ನಡುಗುತ್ತಿದ್ದರು. ಮೈಗೆ ಹೊದಿಕೆಯಾಗಿದ್ದ ಕೊಬ್ಬು ಕರಗಿದ್ದೂ ಅದಕ್ಕೊಂದು ಕಾರಣ.

ಊರಿನ ಬಾಯಿ ಇನ್ನೊಂದು ಪರೀಕ್ಷೆ. ಮೈತುಂಬಿಕೊಂಡವನನ್ನು ಕಂಡರೆ ಸುಖವಾಗಿದ್ದಾನೆ ಎನ್ನುವುದೂ ಇಳಿದವನನ್ನು ಕಂಡರೆ ರೋಗವಿರಬೇಕು ಎನ್ನುವುದೂ ಇಲ್ಲಿಯ ರೂಢಿ. “ಏನ್ರಾಯರೇ, ಬಹಳ ಇಳಿದುಹೋದಿರಿ, ಸಕ್ಕರೆ ಕಾಯಿಲೆ ಏನಾದರೂ ಬಂತೆ?” ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಬಂದು ಎಂಟು ವರ್ಷವಾಗಿ ಈಗ ಹೊರಟಿದೆ ಎಂದು ಯಾರಿಗೆಂದು ವಿವರಿಸುವುದು? ವಿಷಯ ತಿಳಿದವರು ಮತ್ತೊಂದು ಬಗೆ: “ಕತ್ತರಿಸಿಕೊಂಡು ಇಳಿಸುವುದರಲ್ಲಿ ಏನು ಹೆಚ್ಚುಗಾರಿಕೆ?” ಹತ್ತು ವರ್ಷ ಹಸಿದು ಸೋತವನ ಹೆಚ್ಚುಗಾರಿಕೆಯನ್ನು ಇವರು ಯಾವ ತಕ್ಕಡಿಯಲ್ಲಿ ತೂಗಿದ್ದರೋ!

ಬ್ಯಾಂಕಿನಲ್ಲಿ ಮಾತ್ರ ದಾರಿ ಸುಲಭವಾಯಿತು. ಬೆಂಗಳೂರಿನ ದರ್ಶಿನಿಗಳಲ್ಲಿ ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ‘ಬೈಟೂ’ ಎಂಬ ಸಂಪ್ರದಾಯವುಂಟಲ್ಲ! ಕಾಫಿಗೆ ವೈದ್ಯರ ಅಪ್ಪಣೆ ಮರಳಿ ದೊರೆತ ಮೇಲೆ ಸಹೋದ್ಯೋಗಿಗಳು ಸರದಿಯಂತೆ ರಾಯರ ಬೈಟೂ ಪಾಲುದಾರರಾದರು. ಯಾರೂ ಕಾರಣ ಕೇಳಲಿಲ್ಲ, ಯಾರೂ ಒತ್ತಾಯಿಸಲಿಲ್ಲ.

ಆದರೆ ಮದುವೆಮನೆಯ ಪಂಕ್ತಿಯಲ್ಲಿ ಬೈಟೂ ಎಲ್ಲಿಂದ ಬರಬೇಕು? ಆರನೆಯ ತಿಂಗಳಲ್ಲಿ ನೆಂಟರ ಮನೆಯ ಮದುವೆ. ಬಾಳೆಯೆಲೆ ಹಾಸಿತು, ಕೋಸಂಬರಿ, ಪಲ್ಯ, ಬಿಸಿಬೇಳೆಬಾತು, ಹೋಳಿಗೆಗಳು ಸಾಲಾಗಿ ಬಂದವು. ಎಲೆಯಲ್ಲಿ ಅನ್ನ ಬಿಡಬಾರದೆಂಬುದು ಬಾಲ್ಯದ ಪಾಠ. ಹೊಟ್ಟೆಯಲ್ಲಿ ಜಾಗವಿಲ್ಲವೆಂಬುದು ಈಗಿನ ಸತ್ಯ. ರಾಯರು ಎರಡು ಕೈಗಳನ್ನೂ ಎಲೆಯ ಮೇಲೆ ಚಾಚಿ ಬಾಗಿ ಕುಳಿತರು. ಉಪಚಾರಕ್ಕೆ ಬಂದ ಹಿರಿಯರು ಅದನ್ನು ಸಂಕೋಚವೆಂದು ತಿಳಿದು, ಕೈಯ ಸಂದಿಯಿಂದಲೇ ಹೋಳಿಗೆ ಜಾರಿಸಿ ತುಪ್ಪ ಹೊಯ್ದರು. ಎಂಟನೆಯ ತುತ್ತಿಗೆ ರಾಯರು ಎದ್ದು ಹೊರಗೆ ಹೋದರು. ಊಟದ ನಡುವೆ ಎದ್ದರೆಂದು ಬೀಗರಿಗೆ ಬೇಸರ. ಆ ಬೇಸರ ರಾಯರ ತಾಯಿಯ ಕಿವಿಗೆ ಬಂದು ಮನೆಗೂ ತಲುಪಿತು.

*

ಕಡಮೆ ಉಣ್ಣುವುದು ಈ ನೆಲಕ್ಕೆ ಅಪರಿಚಿತವಾದ ಸಂಗತಿಯಲ್ಲ. ಸಾವಿರದ ಇಪ್ಪತ್ತೈದರ ಸುಮಾರಿಗೆ ‘ಲೋಕೋಪಕಾರ’ವನ್ನು ಬರೆದ ಇಮ್ಮಡಿ ಚಾವುಂಡರಾಯ ಅಡಿಗೆಗೂ ಒಂದು ಅಧ್ಯಾಯ ಮೀಸಲಿಟ್ಟ, ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನೇ ರಚಿಸಿದ. ಅದೇ ಜೈನ ಪರಂಪರೆಯಲ್ಲಿ ಅವಮೌದರ್ಯವೆಂಬ ತಪಸ್ಸೂ ಇದೆ. ಆರು ಬಾಹ್ಯತಪಗಳಲ್ಲಿ ಉಪವಾಸದ ಮಗ್ಗುಲಿಗೇ ಅದರ ಸ್ಥಾನ. ಪುರುಷನ ಪೂರ್ಣಾಹಾರ ಮೂವತ್ತೆರಡು ತುತ್ತು, ಸ್ತ್ರೀಗೆ ಇಪ್ಪತ್ತೆಂಟು ಎಂದು ಎಣಿಸಿ, ಅದಕ್ಕಿಂತ ಕಡಮೆಗೆ ಕೈ ತೊಳೆಯುವುದು ಆ ವ್ರತ. ಆಯುರ್ವೇದವೂ ಜಠರವನ್ನು ನಾಲ್ಕು ಪಾಲು ಮಾಡಿ, ಎರಡು ಪಾಲು ಅನ್ನಕ್ಕೆ, ಒಂದು ನೀರಿಗೆ, ಒಂದು ವಾಯುವಿಗೆ ಬಿಡುವಂತೆ ಹೇಳಿತು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಎಲ್ಲರ ನಾಲಗೆಯಲ್ಲಿದೆ. ಆದರೆ ಈ ಉಪದೇಶವೆಲ್ಲ ಉಣ್ಣುವವನಿಗೆ. ಬಡಿಸುವವರಿಗೆ ಇರುವ ಉಪದೇಶ ಇನ್ನೊಂದು: ಸಾಕೆಂದರೂ ಒಂದು ಸೌಟು ಹಾಕು. ಈ ಎರಡು ಉಪದೇಶಗಳು ಒಂದೇ ಎಲೆಯ ಮೇಲೆ ಎದುರಾದಾಗ ರಾಯರಂಥವರ ಪಾಡು ಹೇಳತೀರದು.

ಒಂದೂವರೆ ವರ್ಷಕ್ಕೆ ತೂಕ 95ಕ್ಕೆ ಬಂದು ನಿಂತಿತು. ಮೂರನೆಯ ವರ್ಷ, 2024ರಲ್ಲಿ, ಅದು ಮೆಲ್ಲನೆ 101ಕ್ಕೆ ಏರಿತು. ಹಸಿವಿನ ದನಿ ಮರಳಿತ್ತು. ಕೊಳವೆಯೂ ಕೊಂಚ ಹಿಗ್ಗಿತ್ತು. ಇಷ್ಟು ಏರುವುದು ಹಲವರಲ್ಲಿ ಕಾಣುವುದೇ ಎಂದು ವೈದ್ಯರು ಹೇಳಿದರೂ ಆಹಾರತಜ್ಞೆ ಬಿಡದೆ ವಿಚಾರಿಸಿದರು. ಚಪಾತಿ ಎದೆಯಲ್ಲಿ ನಿಲ್ಲುತ್ತದೆ, ನಿಜ, ಪಾಯಸ ನಿಲ್ಲುವುದಿಲ್ಲ. ಹಾಲು, ಸಕ್ಕರೆ, ತುಪ್ಪಗಳಿಗೆ ಆ ಇಕ್ಕಟ್ಟಾದ ಕೊಳವೆ ರಾಜಮಾರ್ಗ. ಮಧ್ಯಾಹ್ನ ಮೂರಕ್ಕೆ ಒಂದು ಲೋಟ ಬಾದಾಮಿ ಹಾಲು, ಸಂಜೆ ಎರಡು ಚಮಚ ಹಲ್ವ, ರಾತ್ರಿ ಬಟ್ಟಲಲ್ಲಿ ಶಾವಿಗೆ ಪಾಯಸ. ತಂದುಕೊಡುತ್ತಿದ್ದವರು ತಾಯಿ. ಬೇಡವೆನ್ನಲಾರದೆ ಕುಡಿಯುತ್ತಿದ್ದವರು ಮಗ.

ಅಂದು ಸಂಜೆ ರಾಯರು ಸ್ವಲ್ಪ ಗಡುಸಾಗಿಯೇ, “ಅಮ್ಮ, ಇನ್ನು ಪಾಯಸ ಬೇಡ” ಎಂದರು. ಮುದುಕಿಯ ಮುಖ ಕಂದಿತು.

“ನಿನಗೆ ಬಡಿಸೋದು ಬಿಟ್ಟರೆ ಈ ಮನೆಯಲ್ಲಿ ನನಗೇನೋ ಕೆಲಸ?” ಎಂದರು.

ರಾಯರ ಬಳಿ ಉತ್ತರವಿರಲಿಲ್ಲ. ತಾಯಿಯೇ ಮುಂದುವರಿಸಿದರು. 1965ರಲ್ಲಿ ಅವರಿಗೆ ಹನ್ನೆರಡು ವರ್ಷ. ತಂದೆ ತುಮಕೂರಿನಲ್ಲಿ ಶಾಲಾಮೇಷ್ಟರು. ಮನೆಯಲ್ಲಿ ಏಳು ಜನ. ಮಳೆ ಕೈಕೊಟ್ಟಿತ್ತು, ಅಕ್ಕಿ ರೇಷನ್ನಿನಲ್ಲಿತ್ತು. ಲಾಲ್ ಬಹದ್ದೂರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶಕ್ಕೆ ಕರೆಕೊಟ್ಟಾಗ ಮೇಷ್ಟರ ಮನೆಯಲ್ಲಿ ಸೋಮವಾರ ರಾತ್ರಿ ಒಲೆ ಹೊತ್ತುತ್ತಿರಲಿಲ್ಲ. “ದೇಶಕ್ಕೆ ಅಂತ ಬಿಟ್ಟದ್ದು ಸೋಮವಾರ ಒಂದೇ. ಮಿಕ್ಕ ದಿನ ಬಿಟ್ಟದ್ದು ಇಲ್ಲದ್ದಕ್ಕೆ. ನಮ್ಮಮ್ಮ ಬಡಿಸುವಾಗ ಸೌಟು ಅರ್ಧಕ್ಕೆ ನಿಲ್ಲೋದು ಕಣೋ. ಅವಳು ಮುಖ ತಿರುಗಿಸಿಕೊಂಡು ಬಡಿಸೋಳು. ನಾನು ನಿನಗೆ ಬಡಿಸುವಾಗ ಒಂದು ದಿನವೂ ಮುಖ ತಿರುಗಿಸಲಿಲ್ಲ” ಎಂದರು.

ನಲವತ್ತೇಳು ವರ್ಷ ಆ ಕೈಯಡಿಗೆ ಉಂಡ ಮಗನಿಗೆ ಇದು ಅಂದಿನವರೆಗೆ ತಿಳಿದಿರಲಿಲ್ಲ. ಆ ತಾಯಿಗೆ ತುಂಬಿದ ಸೌಟು ಬರಿಯ ಅಭ್ಯಾಸವಾಗಿರಲಿಲ್ಲ. ಬಡತನವನ್ನು ಗೆದ್ದ ಗುರುತಾಗಿತ್ತು. ಮಗನ ದಪ್ಪ ಮೈಯೂ ಅದೇ ಗೆಲುವಿನ ಗುರುತು. ಶಸ್ತ್ರವೈದ್ಯರ ಕತ್ತಿ ಅದನ್ನೂ ಸ್ವಲ್ಪ ಕೊಯ್ದಿತ್ತು.

ರಾಯರು ಬಹಳ ಹೊತ್ತು ಸುಮ್ಮನಿದ್ದು, “ಅಮ್ಮ, ನಾಳೆಯಿಂದ ಸಂಜೆ ನನ್ನ ಜೊತೆ ಪಾರ್ಕಿಗೆ ಬಾ. ಒಬ್ಬನೇ ನಡೆಯಲು ಬೇಸರ” ಎಂದರು. ಎರಡು ದಿನ ಮೊಣಕಾಲಿನ ನೆಪ ಹೇಳಿದ ತಾಯಿ ಮೂರನೆಯ ದಿನ ಚಪ್ಪಲಿ ಮೆಟ್ಟಿದರು. ಅವರ ನಡಿಗೆ ನಿಧಾನ. ಅಷ್ಟರಿಂದ ಮಗನ ಕೊಬ್ಬು ಕರಗದು. ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ ರಾಯರು ಇನ್ನೂ ನಾಲ್ಕು ಸುತ್ತು ಹಾಕುವರು. ಪ್ರತಿ ಸುತ್ತಿಗೂ ತಾಯಿ ಬೆರಳು ಮಡಿಸಿ ಎಣಿಸುವರು. ಪಾಯಸದ ಬಟ್ಟಲು ಬರುತ್ತಿದ್ದ ಹೊತ್ತಿಗೆ ತುಮಕೂರಿನ ಕಥೆಗಳು ಬರತೊಡಗಿದವು. ಅಡಿಗೆಮನೆಯ ಕೆಲಸವೂ ತಪ್ಪಲಿಲ್ಲ: ಹೆಸರುಕಾಳಿನ ಉಸುಲಿ, ಕಡಲೆಬೇಳೆ ಬೆರೆಸಿದ ಸೊಪ್ಪಿನ ಪಲ್ಯ, ಸಕ್ಕರೆಯಿಲ್ಲದ ಗಟ್ಟಿ ಮೊಸರು – ಸಣ್ಣ ಬಟ್ಟಲಿಗೆ ತಕ್ಕ ದೊಡ್ಡ ಅಡಿಗೆ.

*

ಸ್ವೀಡನ್ ದೇಶದಲ್ಲಿ 1987ರಿಂದ ನಡೆದ ಒಂದು ದೀರ್ಘ ಅಧ್ಯಯನದ ಫಲ 2007ರಲ್ಲಿ ಪ್ರಕಟವಾಯಿತು. ಅಂದಿನ ವಿಧಾನಗಳಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2010 ಜನರಲ್ಲಿ, ಸರಾಸರಿ ಹನ್ನೊಂದು ವರ್ಷಗಳ ಅವಧಿಯಲ್ಲಿ 101 ಮಂದಿ ತೀರಿಕೊಂಡಿದ್ದರು. ಮಾಡಿಸಿಕೊಳ್ಳದ 2037 ಸಮಾನಸ್ಥಿತಿಯವರಲ್ಲಿ 129 ಮಂದಿ. ಆಯುಷ್ಯ ಬೆಳೆಯುವುದೆಂಬುದಕ್ಕೆ ಇದು ಬಲವಾದ ಸಾಕ್ಷಿ. ಅದೇ ದೇಶದಿಂದ 2018ರಲ್ಲಿ ಇನ್ನೊಂದು ವರದಿ ಬಂತು: ಈ ಚಿಕಿತ್ಸೆಯ ಬಳಿಕ ಒಂಟಿಯಾಗಿದ್ದವರು ಇತರರಿಗಿಂತ ಹೆಚ್ಚಾಗಿ ಸಂಗಾತಿಯನ್ನು ಕಂಡುಕೊಂಡರು, ಜೋಡಿಯಾಗಿದ್ದವರು ಇತರರಿಗಿಂತ ಹೆಚ್ಚಾಗಿ ಬೇರೆಯಾದರು. ಒಬ್ಬನ ಹೊಟ್ಟೆಯ ಅಳತೆ ಬದಲಾದರೆ ಸುತ್ತಲಿನವರ ಸಂಬಂಧದ ಅಳತೆಗಳೂ ಕದಲುತ್ತವೆಂದಾಯಿತು. ವೈದ್ಯರು ಕೊಡುವ ಪಥ್ಯದ ಪಟ್ಟಿಯಲ್ಲಿ ರೋಗಿಯ ಹೆಸರೊಂದೇ ಇರುತ್ತದೆ; ಪಥ್ಯ ಹಿಡಿಯಬೇಕಾದವರು ಮಾತ್ರ ಮನೆಮಂದಿಯೆಲ್ಲ.

ರಾಯರ ತೂಕ ಈಗ 97ರ ಆಸುಪಾಸಿನಲ್ಲಿದೆ. ತೋಳಿನ ಕೆಳಗೆ ಸಡಿಲಾದ ಚರ್ಮ ಜೋಲುತ್ತದೆ. ಕೆಲವು ರಾತ್ರಿ ಎದೆಯುರಿ ಕಾಡುತ್ತದೆ, ಅದಕ್ಕೂ ಒಂದು ಮಾತ್ರೆ. ಅವರು ಸಂಪೂರ್ಣ ಗುಣವಾದರೆಂದು ಯಾರೂ ಹೇಳುವುದಿಲ್ಲ, ಅವರೂ ಹೇಳಿಕೊಳ್ಳುವುದಿಲ್ಲ. ಆದರೆ ಮೂರು ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾರೆ. ಮಗಳ ಜೊತೆ ಶಟಲ್ ಆಡಿ ಸೋಲುತ್ತಾರೆ.

ಕಳೆದ ಗೌರಿಹಬ್ಬಕ್ಕೆ ಆ ಮನೆಯಲ್ಲಿ ಹತ್ತು ಎಲೆ. ತಾಯಿಯೇ ಸೌಟು ಹಿಡಿದು ಬಡಿಸುತ್ತ ಬಂದರು. ಮಗನ ಎಲೆಗೆ ಒಂದು ಹೋಳಿಗೆಯ ಕಾಲು ಭಾಗ ಹಾಕಿ ಮುಂದೆ ನಡೆದರು. ಅವನ ಪಕ್ಕದಲ್ಲಿದ್ದ ದಪ್ಪನೆಯ ಹುಡುಗನೊಬ್ಬ, ದೂರದ ನೆಂಟರವನು, ನಾಚಿಕೊಳ್ಳುತ್ತ “ಸಾಕು ಅಜ್ಜಿ” ಎಂದ. ಸುತ್ತಲಿದ್ದವರು, “ಹಬ್ಬದ ದಿನ ಸಾಕೇನೋ? ಹಾಕಿ, ಹಾಕಿ” ಎಂದು ಕೂಗಿದರು. ಮುದುಕಿಯ ಸೌಟು ಗಳಿಗೆಯ ಹೊತ್ತು ಗಾಳಿಯಲ್ಲಿ ನಿಂತಿತು.

“ಅವನು ಸಾಕು ಅಂದನಲ್ಲ” ಎಂದು ಹೇಳಿ, ಅವನ ತಲೆ ನೇವರಿಸಿ, ಮುಂದಿನ ಎಲೆಗೆ ಹೋದರು.